ಬಾವಿಯ ನೀರು ಹೇಳಿದಷ್ಟು ಮಂದಿ

ಹುಬ್ಬಳ್ಳಿಯಿಂದ ಬೆಳಗಿನ ಬಸ್ಸು ಹತ್ತಿದಾಗ ಉತ್ತರಿ ಮಳೆ ಮುಗಿದು ಹಸ್ತಾ ಮಳೆ ಹತ್ತಿತ್ತು. ನವಲಗುಂದ, ನರಗುಂದ ದಾಟುವವರೆಗೂ ರಸ್ತೆಯ ಎರಡೂ ಬದಿಗೆ ಎರೆ ನೆಲವೇ; ಹೆಸರು ಕಿತ್ತ ಹೊಲಗಳನ್ನು ಹಿಂಗಾರಿ ಜೋಳಕ್ಕೆಂದು ಹರಗಿ ಬಿಟ್ಟಿದ್ದರು. ಕೊಣ್ಣೂರಿನ ಹತ್ತಿರ ಮಲಪ್ರಭೆಯ ಸೇತುವೆ ದಾಟಿ, ಕುಳಗೇರಿ ಕ್ರಾಸಿನಲ್ಲಿ ಬಸ್ಸು ಬಾದಾಮಿಯ ಕಡೆಗೆ ಹೊರಳಿದ ಮೇಲೆ ನೆಲದ ಕಪ್ಪು ತೆಳುವಾಗುತ್ತ ಬಂದು ಕೊನೆಗೆ ಕೆಂಪು ಮರಳುಗಲ್ಲಿನ ಗುಡ್ಡಗಳು ಎದ್ದು ನಿಲ್ಲುತ್ತವೆ. ನಾನು ಹೊರಟಿದ್ದು ಅಂಥದೊಂದು ಗುಡ್ಡದ ಇಳಿಜಾರಿನಲ್ಲಿರುವ ಧ್ಯಾನಧಾಮಕ್ಕೆ, ಐದು ದಿನ ಮೌನದಲ್ಲಿರಲು. ಧಾಮವನ್ನು ನಡೆಸುವ ನಿವೃತ್ತ ಮಾಸ್ತರರು ತಮ್ಮ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯಬಾರದೆಂದು ಕೇಳಿಕೊಂಡಿದ್ದಾರೆ. ಹೆಸರು ಹೊರಗೆ ಬಿದ್ದರೆ ಮಂದಿ ಹೆಚ್ಚಾಗುತ್ತಾರೆ, ಹೆಚ್ಚಾದ ಮಂದಿಗೆ ಅಲ್ಲಿ ನೀರಿಲ್ಲ ಎಂಬುದೇ ಅದಕ್ಕೆ ಕಾರಣ.

ಸಂಜೆಯೊಳಗೆ ಮುಟ್ಟಿದರೆ ಸಾಕೆಂದಿದ್ದರಿಂದ ಮಧ್ಯಾಹ್ನ ಬಾದಾಮಿಯ ಗುಹಾಲಯಗಳಾದ ಮೇಣಬಸದಿಯ ಮೆಟ್ಟಿಲು ಹತ್ತಿದೆ. ಚಾಲುಕ್ಯ ಮಂಗಳೇಶ ಕೊರೆಯಿಸಿದ, 578ರ ಶಾಸನವಿರುವ ಮೂರನೆಯ ಗುಹೆಯ ಮುಂದೆ ಎಂದಿನಂತೆ ಜನ ನೆರೆದಿದ್ದರು. ನಾಲ್ಕನೆಯದಾದ ಜೈನ ಗುಹೆಯಲ್ಲಿ ಬಾಹುಬಲಿಯ ಎದುರು ನಾನೊಬ್ಬಳೇ ನಿಂತೆ. ಅಲುಗದೆ ನೆಟ್ಟಗೆ ನಿಂತು ಧ್ಯಾನಿಸುವ ಕಾಯೋತ್ಸರ್ಗದ ಭಂಗಿಯಲ್ಲಿರುವ ಆತನ ಕಾಲು ತೋಳುಗಳಿಗೆ ಬಳ್ಳಿ ಹಬ್ಬಿದೆ, ಪಾದದ ಬಳಿ ಹಾವುಗಳಿವೆ. ಈ ಶಿಲ್ಪವನ್ನು ಹಿಂದೆಯೂ ನೋಡಿದ್ದೆನಾದರೂ, ಧ್ಯಾನಕ್ಕೆ ನಿಂತವನ ಸುತ್ತ ಕಾಡು ಬೆಳೆಯುತ್ತದೆ ಎಂಬ ಸಂಗತಿಯನ್ನು ಶಿಲ್ಪಿ ಎಷ್ಟು ಸಹಜವೆಂಬಂತೆ ಕೊರೆದಿದ್ದಾನೆ ಎಂಬುದು ಆ ದಿನವೇ ಕಣ್ಣಿಗೆ ಬಿದ್ದಿತು. ಈ ಸೀಮೆಗೆ ಧ್ಯಾನ ಹೊಸದಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರ ಇದೇ ಮಲಪ್ರಭೆಯ ದಂಡೆಯಲ್ಲಿದೆ. ಅಲ್ಲಿ ಶಿವಯೋಗದ ಸಾಧನೆಯ ಜೊತೆಗೆ ಗೋವುಗಳ ಪಾಲನೆಯೂ ಸಗಣಿಯಿಂದ ವಿಭೂತಿ ಮಾಡುವ ಕಾಯಕವೂ ನಡೆದುಕೊಂಡು ಬಂದಿವೆ.

ಟಂಟಂ ಹಿಡಿದು, ಆಮೇಲೆ ಅರ್ಧ ತಾಸು ನಡೆದು ಧಾಮಕ್ಕೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಕಲ್ಲು ಒಡೆದು ಒಡೆದು ಬಿಟ್ಟುಹೋದ ಜಾಗವದು. ಮಾಸ್ತರರು ಬಂದ ಹೊಸದರಲ್ಲಿ ಅಲ್ಲಿದ್ದದ್ದು ಬಳ್ಳಾರಿ ಜಾಲಿ ಮತ್ತು ಬರಿಗಲ್ಲು ಮಾತ್ರ. ಈಗ ದಾರಿಯ ಇಕ್ಕೆಲಗಳಲ್ಲಿ ತಂಗಡಿ ಹೂಬಿಟ್ಟು ಹಳದಿಯಾಗಿತ್ತು. ಬಾರಿ, ಕವಳಿ, ಬಂದರಿಕೆಯ ಪೊದೆಗಳ ನಡುವೆ ಎಳೆಯ ಬೇವು, ಮುತ್ತಲ, ಕಕ್ಕೆ ನಿಂತಿದ್ದವು. ಎಲ್ಲಿಂದಲೋ ಗೌಜಲಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಮಾಸ್ತರರ ಹೆಂಡತಿ ತಾಮ್ರದ ತಂಬಿಗೆಯಲ್ಲಿ ನೀರು ತಂದುಕೊಟ್ಟು, “ಕುಡಿದು ಉಳಿದದ್ದು ಚೆಲ್ಲಬ್ಯಾಡ್ರಿ ಅಕ್ಕಾರ, ಆ ತುಳಸಿ ಬುಡಕ್ಕ ಹಾಕ್ರಿ” ಎಂದರು. ಅಲ್ಲಿನ ನಿಯಮಗಳ ಪಟ್ಟಿಯನ್ನು ನನಗೆ ಯಾರೂ ಓದಿ ಹೇಳಲಿಲ್ಲ. ಆ ಒಂದು ಮಾತಿನಲ್ಲಿಯೇ ಮುಕ್ಕಾಲು ಪಾಲು ತಿಳಿಯಿತು.

ಮೌನ ಮರುದಿನ ನಸುಕಿನ ನಾಲ್ಕೂವರೆಗೆ ಶುರುವಾಯಿತು. ಒಳಹೋಗುವ, ಹೊರಬರುವ ಉಸಿರನ್ನು ಬದಲಿಸದೆ ಗಮನಿಸುತ್ತ ಕೂಡುವುದಷ್ಟೇ ಅಭ್ಯಾಸ. ಮಾಸ್ತರರು ಹಿಂದೆ ವಿಪಶ್ಯನೆಯ ಹತ್ತು ದಿನಗಳ ಶಿಬಿರಗಳಲ್ಲಿ ಕುಳಿತವರು. ಅಲ್ಲಿ ಊಟಕ್ಕೂ ವಸತಿಗೂ ಶುಲ್ಕವಿರುವುದಿಲ್ಲ, ಹಿಂದೆ ಕಲಿತು ಹೋದವರ ದಾನದಿಂದಲೇ ಶಿಬಿರ ನಡೆಯುತ್ತದೆ. ಅದೇ ಪದ್ಧತಿಯನ್ನು ಅವರು ಇಲ್ಲಿಗೂ ತಂದಿದ್ದಾರೆ. ಮೊದಲ ಎರಡು ದಿನ ನನಗೆ ಮೊಣಕಾಲು ನೋವೇ ಧ್ಯಾನವಾಯಿತು. ಅದನ್ನು ವಿಸ್ತರಿಸಿ ಬರೆಯುವ ಅಗತ್ಯವಿಲ್ಲ.

ವಿಸ್ತರಿಸಿ ಬರೆಯಬೇಕಾದದ್ದು ಬೆಳಗಿನ ನಾಷ್ಟಾದ ನಂತರದ ಒಂದೂವರೆ ತಾಸಿನ ಶ್ರಮದ ಬಗ್ಗೆ. ಎಲ್ಲರೂ ಮಾತಿಲ್ಲದೆ ಗುಡ್ಡದ ಕೊರಕಲಿಗೆ ಇಳಿದು ಕಲ್ಲಿನ ಒಡ್ಡು ಕಟ್ಟುತ್ತಿದ್ದೆವು. ಸಿಮೆಂಟು ಸುಣ್ಣ ಯಾವುದೂ ಇಲ್ಲ. ದಪ್ಪ ಕಲ್ಲುಗಳು ಕೆಳಮುಖದ ಕಡೆಗೆ, ಸಣ್ಣವು ನೀರು ಬರುವ ಕಡೆಗೆ. ಒಡ್ಡಿನ ನಡುಭಾಗ ಎರಡೂ ತುದಿಗಳಿಗಿಂತ ಒಂದು ಗೇಣು ತಗ್ಗಾಗಿರಬೇಕು, ಇಲ್ಲದಿದ್ದರೆ ದೊಡ್ಡ ಮಳೆಗೆ ನೀರು ಪಕ್ಕದ ದಂಡೆಯನ್ನು ಕೊರೆದು ಹರಿಯುತ್ತದೆ. ಮೊದಲ ದಿನ ನಾನು ಚೆಂದ ಕಾಣಲೆಂದು ಮೇಲ್ಭಾಗವನ್ನು ಸಮಮಟ್ಟವಾಗಿ ಜೋಡಿಸಿದ್ದೆ. ಮಾಸ್ತರರು ಬಂದು ಮಾತಾಡದೆ ನಡುವಿನ ನಾಲ್ಕು ಕಲ್ಲುಗಳನ್ನು ತೆಗೆದು ಬದಿಗಿಟ್ಟರು. ಮೂರನೆಯ ರಾತ್ರಿ ಬಿದ್ದ ಮಳೆಗೆ ನೀರು ಸರಿಯಾಗಿ ಆ ತಗ್ಗಿನ ಮೇಲೆ ಹಾದು, ಹಿಂದೆ ಬೆರಳಿನಷ್ಟು ದಪ್ಪದ ಕೆಂಪು ಕೆಸರನ್ನು ಬಿಟ್ಟುಹೋಗಿತ್ತು. ಅದನ್ನು ಮುಟ್ಟಿ ನೋಡಿದೆ, ಬೆಣ್ಣೆಯಂತೆ ನುಣ್ಣಗಿತ್ತು. ನಾವು ನಾಲ್ಕು ಮಂದಿ ಎರಡು ದಿನ ಹೊತ್ತ ಕಲ್ಲು ಹಿಡಿದಿಟ್ಟದ್ದು ಐದಾರು ಬುಟ್ಟಿ ಮಣ್ಣು. ಮೇಲಿನ ಇಳಿಜಾರಿನಲ್ಲಿ ಸಮಪಾತಳಿಯ ಕಂದಕಗಳೂ ಇವೆ. ಅವುಗಳ ಗೆರೆಯನ್ನು ಗೌಂಡಿಗಳು ಮಟ್ಟ ನೋಡುವ ನೀರಿನ ಪೈಪಿನಿಂದಲೇ ಗುರುತು ಮಾಡಿದ್ದಾರೆ.

ಐದನೆಯ ದಿನ ಮಧ್ಯಾಹ್ನ ಮೌನ ಬಿಟ್ಟ ಮೇಲೆ ಮಾಸ್ತರರು ಹಳೆಯ ತಪ್ಪುಗಳನ್ನು ಮುಚ್ಚಿಡದೆ ಹೇಳಿದರು. ಮೊದಲ ವರ್ಷ ಯಾವುದೋ ಸಸಿತೋಟದವರ ಮಾತು ಕೇಳಿ ದೊಡ್ಡ ಗುಂಡಿ ತೋಡಿ ನೀಲಗಿರಿ ಹಚ್ಚಿದ್ದರು. ಬೇಸಿಗೆಗೆ ಬಹುಪಾಲು ಒಣಗಿತು, ಉಳಿದವುಗಳ ಕೆಳಗೆ ಹುಲ್ಲು ಸಹ ಏಳಲಿಲ್ಲ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರು. ಒಂದು ಕಾಂಡವಿದ್ದಲ್ಲಿ ಐದಾರು ಕಾಂಡ ಚಿಗುರಿದವು. ಅಮೆರಿಕ ಖಂಡದಿಂದ 19ನೆಯ ಶತಮಾನದಲ್ಲಿ ಬಂದ ಈ ಗಿಡದ ಕಾಯಿಯನ್ನು ಆಡುಗಳು ತಿಂದು, ಹಿಕ್ಕೆಯಲ್ಲಿ ಬೀಜ ಚೆಲ್ಲುತ್ತ ಹೋಗುತ್ತವೆ. ಈಗ ನೆಲದೊಳಗಿನ ಬೇರಿನ ಗಡ್ಡೆಯವರೆಗೆ ಅಗೆದು, ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಕೀಳುತ್ತಾರೆ, ಕಿತ್ತಲ್ಲಿ ಅದೇ ಮುಂಗಾರಿಗೆ ಬೀಜ ಊರುತ್ತಾರೆ. ಕಿತ್ತ ಕಟ್ಟಿಗೆಯಿಂದಲೇ ಧಾಮದ ಒಲೆ ಉರಿಯುತ್ತದೆ. ನಾನು ಐದು ದಿನ ಉಂಡ ಜೋಳದ ರೊಟ್ಟಿ ಬೆಂದದ್ದು ಆ ಜಾಲಿಯ ಕೆಂಡದ ಮೇಲೆ. ಕಕ್ಕೆಯ ಬೀಜವನ್ನು ಬಿಸಿನೀರಿನಲ್ಲಿ ನೆನೆಸಿ ಊರಬೇಕು, ಸೀತಾಫಲಕ್ಕೆ ಅಷ್ಟು ಉಪಚಾರ ಬೇಡ. ಒಂದು ಬಂಡೆಯ ಸೀಳಿನಲ್ಲಿ ಕಮರದ ಸಸಿಯನ್ನು ಅವರು ಮೊಣಕಾಲೂರಿ ತೋರಿಸಿದರು. ಎರಡೆರಡು ಎಲೆ ಬುಡದಲ್ಲಿ ಕೂಡಿಕೊಂಡು ಆಕಳ ಗೊರಸಿನ ಗುರುತಿನಂತೆ ಕಾಣುತ್ತಿದ್ದವು. ಗಿಡ ಮೊಣಕೈ ಎತ್ತರವೂ ಇರಲಿಲ್ಲ. “ಮ್ಯಾಲ ಇಷ್ಟ ಕಂಡ್ರೂ ಬೇರು ಕಲ್ಲಿನ ಸಂದಿ ಹುಡುಕ್ಕೋತ ಆಳಕ್ಕ ಇಳದಿರತೈತ್ರಿ. ಇದಕ್ಕ ಅವಸರ ಇಲ್ಲ” ಎಂದರು.

ಆ ಧಾಮದ ಬಗ್ಗೆ ನನಗೆ ಗೌರವ ಹುಟ್ಟಿಸಿದ ಸಂಗತಿ ಬೇರೊಂದಿದೆ. ಬೇಲಿ ಹಾಕಿದ ಹೊಸದರಲ್ಲಿ ಪಕ್ಕದ ಹಳ್ಳಿಯ ಕುರಿಗಾಹಿ ಅಜ್ಜನೊಬ್ಬ ಬಾಗಿಲಿಗೆ ಬಂದು, “ನೀವು ಕಣ್ಣ ಮುಚ್ಚಿ ಕುಂದ್ರಾಕ ನಮ್ಮ ಕುರಿ ಉಪಾಸ ಬೀಳಬೇಕೇನ್ರೀ ಮಾಸ್ತರ?” ಎಂದು ಕೇಳಿದನಂತೆ. ಆ ಪ್ರಶ್ನೆ ನ್ಯಾಯವಾದದ್ದೆಂದು ನಾನು ನಂಬುತ್ತೇನೆ, ಮಾಸ್ತರರೂ ಹಾಗೆಯೇ ಒಪ್ಪಿದರು. ಮಳೆಗಾಲದಲ್ಲಿ ಕುರಿ ಬಿಡುವಂತಿಲ್ಲ; ಆದರೆ ಕಾರ್ತಿಕದಲ್ಲಿ ಕರಡ ಹುಲ್ಲು ಬೀಜ ಉದುರಿಸಿದ ಮೇಲೆ ಹಳ್ಳಿಯವರು ಕುಡಗೋಲು ತಂದು ಹೊರೆ ಕಟ್ಟಿ ಒಯ್ಯಬಹುದು, ದುಡ್ಡಿಲ್ಲ. ಗಿಡಗಳು ಕುರಿಯ ಬಾಯಿಗಿಂತ ಎತ್ತರವಾದ ಭಾಗದಲ್ಲಿ ಬೇಸಿಗೆಗೆ ಮಂದೆಯನ್ನೂ ಬಿಡುತ್ತಾರೆ. ಒಣ ಹುಲ್ಲು ಹೀಗೆ ಖಾಲಿಯಾಗುವುದರಿಂದ ಬೇಸಿಗೆಯ ಬೆಂಕಿಯ ಭಯವೂ ತಗ್ಗಿದೆ. ಅಜ್ಜನೇ ಈಗ ಅಲ್ಲಿನ ಕಾವಲುಗಾರ.

ಸಂಜೆ ನೀರಿನ ಲೆಕ್ಕದ ವಹಿ ನೋಡಿದೆ. ಈ ಸೀಮೆಯಲ್ಲಿ ವರ್ಷದ ಮಳೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರದ ಆಸುಪಾಸಿನಲ್ಲಿ ಬೀಳುತ್ತದೆ. ಆದರೂ ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಬಿದ್ದರೆ ಸುಮಾರು 4,000 ಲೀಟರ್. ನೂರು ಚದರ ಮೀಟರಿನ ಚಾವಣಿಯ ಮೇಲೆ ಅದೇ ಮಳೆ ನೂರು ಲೀಟರ್. ಧ್ಯಾನಮಂದಿರದ ಚಾವಣಿಯ ನೀರು ತೊಟ್ಟಿಗೆ ಇಳಿದು ಅಡಿಗೆಗೂ ಕುಡಿಯಲಿಕ್ಕೂ ಆಗುತ್ತದೆ, ಉಳಿದದ್ದಕ್ಕೆ ಬಾವಿ. ಸಾಧಕರಿಗೆ ದಿನಕ್ಕೆ ತಲಾ 60 ಲೀಟರ್, ಸ್ನಾನಕ್ಕೆ ಒಂದು ಬಕೀಟು. ಸಾಬೂನು ತರುವಂತಿಲ್ಲ, ಸೀಗೆಪುಡಿ, ಕಡಲೆಹಿಟ್ಟನ್ನು ಅವರೇ ಕೊಡುತ್ತಾರೆ, ಏಕೆಂದರೆ ಬಚ್ಚಲ ನೀರು ನೇರವಾಗಿ ಬಾಳೆಯ ಪಾತಿಗೆ ಹೋಗುತ್ತದೆ. ಪಾಯಿಖಾನೆಗೆ ಜೋಡಿ ಗುಂಡಿಗಳಿವೆ: ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ವರ್ಷಕ್ಕಿಂತ ಹೆಚ್ಚು ಕಾಲ ಬಿಟ್ಟು, ವಾಸನೆಯಿಲ್ಲದ ಗೊಬ್ಬರವಾದಾಗ ಗಿಡಗಳ ಬುಡಕ್ಕೆ ಹಾಕುತ್ತಾರೆ. ಹಣದ ಕಷ್ಟ ಇದ್ದೇ ಇದೆ. ಅಡಿಗೆಯ ಇಬ್ಬರು ಹೆಣ್ಣುಮಕ್ಕಳ ಪಗಾರ ಮೊದಲು, ಉಳಿದದ್ದೆಲ್ಲ ಆಮೇಲೆ ಎಂಬ ಕಟ್ಟಳೆಯನ್ನು ಮಾಸ್ತರರ ಹೆಂಡತಿ ಹಾಕಿದ್ದಾರೆ. ದಾನಪೆಟ್ಟಿಗೆ ಬರಿದಾದ ತಿಂಗಳುಗಳಲ್ಲಿ ಅವರ ಪಿಂಚಣಿ ಅದಕ್ಕೆ ಹೋಗುತ್ತದೆ.

ಹೊರಡುವ ಮುಂಜಾನೆ ಮಾಸ್ತರರು ಬಾವಿಯ ಕಟ್ಟೆಯ ಮೇಲೆ ನಿಂತು, ಗಜಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಿಡುತ್ತಿದ್ದರು. ಹಗ್ಗ ಮೇಲೆ ಬಂದಾಗ ತೊಯ್ದ ಗಂಟುಗಳನ್ನು ಎಣಿಸಿದೆವು, ಏಳಾದವು. ಅಷ್ಟರಲ್ಲಿ ಊರಿನಿಂದ ಫೋನು ಬಂತು. ಕಾರ್ತಿಕದ ಶಿಬಿರಕ್ಕೆ ಮೂವತ್ತು ಮಂದಿಯನ್ನು ಕರೆತರುವುದಾಗಿಯೂ ದೊಡ್ಡ ದಾನ ಕೊಡುವುದಾಗಿಯೂ ಯಾರೋ ಹೇಳುತ್ತಿದ್ದರು. ಮಾಸ್ತರರು ಹಗ್ಗವನ್ನು ಕೈಯಲ್ಲಿ ಸುತ್ತಿಕೊಳ್ಳುತ್ತ, “ಇಲ್ರೀ, ಹದಿನಾಕು ಮಂದಿಗಿಂತ ಹೆಚ್ಚು ಆಗೂದಿಲ್ಲ. ನೀರು ಅಷ್ಟ ಐತ್ರಿ” ಎಂದು ಮೆಲ್ಲಗೆ ಹೇಳಿ, ಅಡಿಗೆಮನೆಯ ಬಾಗಿಲಲ್ಲಿ ತೂಗುಹಾಕಿದ್ದ ಪಾಟಿಯ ಮೇಲೆ ಬಳಪದಿಂದ 14 ಎಂದು ಬರೆದರು.