ಒಗೆಯುವ ಕೈಯನ್ನು ಬೈಯುವ ಮೊದಲು ನಳ ನೋಡಿ

ಕಲಬುರಗಿಯ ನಮ್ಮ ಓಣಿಯ ಇಸ್ತ್ರಿ ಅಂಗಡಿಯಲ್ಲಿ ಈ ವಾರ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಮೇಜಿನ ಮೇಲೆ ಬಿಳಿ ಅಂಗಿಗಳು, ಒಂದು ಧೋತರ. ಎಲ್ಲದರ ಮೇಲೂ ಕಿತ್ತಳೆ ಬಣ್ಣದ ಚುಕ್ಕೆ, ಮಡಿಕೆಯ ಉದ್ದಕ್ಕೂ ಕಂದು ಗೆರೆ. ತಂದಾತ, ಹೆಂಡತಿ ಪಕ್ಕದಲ್ಲೇ ನಿಂತಿರುವಾಗ, "ಈಕಿಗಿ ಅರಿವಿ ಒಗೀಲಾಕ ಬರಂಗಿಲ್ರಿ" ಎಂದ. ಇಸ್ತ್ರಿಯವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿ, "ಒಗದದ್ರಾಗ ತಪ್ಪಿಲ್ರಿ ಅಣ್ಣಾರ, ನೀರಾಗ ಜಂಗ ಅದ. ಬ್ಲೀಚ್ ಹಾಕೀರೇನ್ರಿ ಅಕ್ಕಾರ?" ಎಂದು ಕೇಳಿದರು. ಜಂಗ ಅಂದರೆ ತುಕ್ಕು. ಆಕೆ ಮೆಲ್ಲಗೆ ಹೇಳಿದ್ದು: "ಹಾಕೀನ್ರಿ. ಹಾಕಿದ ಮ್ಯಾಲೇ ಜಾಸ್ತಿ ಕೆಂಪಾತು."

ಹಾಕಿದ ಮೇಲೇ ಜಾಸ್ತಿ ಕೆಂಪಾಯಿತು. ರೋಗ ಏನೆಂದು ಆ ಒಂದೇ ಮಾತು ಹೇಳುತ್ತದೆ. ಮನೆಯಲ್ಲಿ ಯಾರೂ ಆಕೆಯನ್ನು ಇದನ್ನು ಕೇಳಿರಲಿಕ್ಕಿಲ್ಲ. ಗಂಡನಿಗೆ ಅಲ್ಲಿಯೂ ಕೇಳಿಸಿದಂತೆ ಕಾಣಲಿಲ್ಲ.

ನೀರಿನಲ್ಲಿ ಕರಗಿದ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಗಾಳಿ, ಸೋಡಾ ಅಥವಾ ಕ್ಲೋರಿನ್ ತಾಗಿದಾಗ ಅದು ತುಕ್ಕಾಗಿ ಮಾರ್ಪಟ್ಟು ನೂಲಿನೊಳಗೇ ಕೂತುಬಿಡುತ್ತದೆ. ಬ್ಲೀಚ್ ಮಾಡುವುದು ಇದನ್ನೇ, ಅದೂ ಬಹಳ ವೇಗವಾಗಿ. ಒಗೆಯುವ ಪುಡಿಯಲ್ಲಿರುವ ಸೋಡಾ ಕೂಡ ಇದಕ್ಕೆ ಸಹಾಯ ಮಾಡುತ್ತದೆ. ಆದ್ದರಿಂದ ಹೆಚ್ಚು ಪುಡಿ, ಹೆಚ್ಚು ಉಜ್ಜು, ಹೆಚ್ಚು ಬ್ಲೀಚ್ ಎಂದು ಹೋದಷ್ಟೂ ಕಲೆ ಗಟ್ಟಿಯಾಗುತ್ತದೆ. ತುಕ್ಕಿರುವ ಜಾಗಕ್ಕೆ ಮತ್ತೆ ಮತ್ತೆ ಬ್ಲೀಚ್ ಬಿದ್ದರೆ ಹತ್ತಿಯ ನೂಲು ಸವೆದು ಅಲ್ಲೇ ತೂತು ಬೀಳುತ್ತದೆ. ಲೀಟರಿಗೆ 0.3 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣವಿದ್ದರೆ ಬಟ್ಟೆಗೆ ಕಲೆ ಹಿಡಿಯುತ್ತದೆ. ಅಷ್ಟು ಕಬ್ಬಿಣ ಲೋಟದ ನೀರಿನಲ್ಲಿ ಇದ್ದರೂ ನೀರು ತಿಳಿಯಾಗಿಯೇ ಕಾಣಬಹುದು.

ಕಲೆ ತೆಗೆಯುವುದು ಹುಳಿ, ಸೋಪಲ್ಲ. ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್, ಅಂದರೆ ನಿಂಬು ಸತ್, ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ. ಆ ನೀರು ನಳದ್ದಾಗಬಾರದು. ಶುದ್ಧ ನೀರಿನ ಘಟಕದ ಕ್ಯಾನಿನ ನೀರು ಬಳಸಿ, ಇಲ್ಲದಿದ್ದರೆ ಕಲೆ ತೆಗೆಯಲು ಹೋಗಿ ಹೊಸ ಕಬ್ಬಿಣ ಹಾಕಿದಂತಾಗುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿ, ನಡುವೆ ಒಮ್ಮೆ ತಿರುವಿ ಹಾಕಿ. ಬಟ್ಟೆ ಒಗೆಯುವ ಶಹಾಬಾದ್ ಕಲ್ಲಿನ ಮೇಲೆ ಈ ಕೆಲಸ ಬೇಡ. ಅದು ಸುಣ್ಣದ ಕಲ್ಲು, ಹುಳಿ ಬಿದ್ದರೆ ಹೊಳಪು ಹೋಗಿ ಮೈ ಒರಟಾಗುತ್ತದೆ. ಕಲೆ ಪೂರ್ತಿ ಹೋಗದಿದ್ದರೆ ಹುಳಿ ಹೆಚ್ಚಿಸದೆ ಅದೇ ಅಳತೆಯಲ್ಲಿ ಮತ್ತೊಮ್ಮೆ ನೆನೆಸಿ. ಸಣ್ಣ ಚುಕ್ಕೆಯಾದರೆ ನಿಂಬೆರಸ ಮತ್ತು ಉಪ್ಪು ಹಚ್ಚಿಟ್ಟರೂ ಆದೀತು.

ಆಕ್ಸಾಲಿಕ್ ಆಸಿಡ್ ಇನ್ನೂ ಚುರುಕು. ಆದರೆ ಅದು ವಿಷ, ಕೈಗವಸು ಬೇಕು, ಮಕ್ಕಳಿರುವ ಮನೆಯಲ್ಲಿ ಇಡಲೇಬಾರದು. ನಮ್ಮ ಭಾಗದ ಬೋರ್ ನೀರಿನಂಥ ಗಡಸು ನೀರಲ್ಲಿ ಅದು ಸುಣ್ಣದ ಜೊತೆ ಸೇರಿ ಬಿಳಿ ಗಷ್ಟಾಗಿ ಕೂರುತ್ತದೆ, ಅದರ ಶಕ್ತಿ ಒಂದಿಷ್ಟು ಅಲ್ಲೇ ಖರ್ಚು. ಹಾಗಾಗಿ ಮನೆಗೆ ಸಿಟ್ರಿಕ್ಕೇ ಸರಿ.

ಈ ಅಕ್ಕನಂತೆ ಈಗಾಗಲೇ ಬ್ಲೀಚ್ ಹಾಕಿದ್ದರೆ ಹುಳಿಗೆ ಅವಸರ ಮಾಡಬೇಡಿ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಪುಪ್ಪುಸಕ್ಕೇ ಪೆಟ್ಟು. ವಾಸನೆ ಸಂಪೂರ್ಣ ಹೋಗುವವರೆಗೆ ಬೇರೆ ಬೇರೆ ನೀರಲ್ಲಿ ಜಾಲಿಸಿದ ಮೇಲಷ್ಟೇ ನಿಂಬು ಸತ್. ಬಣ್ಣದ ಬಟ್ಟೆಯಾದರೆ ಒಳ ಹೊಲಿಗೆಯಲ್ಲಿ ಮೊದಲು ಪರೀಕ್ಷಿಸಿ. ರೇಷ್ಮೆ ಸೀರೆಯನ್ನು ಮನೆಯಲ್ಲಿ ಮುಟ್ಟಬೇಡಿ, ಡ್ರೈಕ್ಲೀನಿಂಗ್‌ನವರಿಗೆ ತುಕ್ಕಿನ ಕಲೆ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಕೊನೆಗೆ ಹುಳಿ ಉಳಿಯದಂತೆ ಚೆನ್ನಾಗಿ ಜಾಲಿಸಬೇಕು. ಹುಳಿ ಒಣಗಿದರೂ ನೂಲು ಬಡಕಲಾಗುತ್ತದೆ. ಕಲೆ ಹೋಯಿತೆಂದು ಹಸಿಯಲ್ಲೇ ಬೆಳಕಿಗೆ ಹಿಡಿದು ಖಾತ್ರಿ ಮಾಡಿಕೊಳ್ಳದೆ ಬಿಸಿಲಿಗೆ ಹಾಕಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಶಾಖ ಕಲೆಯನ್ನು ಬಿಗಿ ಮಾಡುತ್ತದೆ. ಅದಕ್ಕೇ ಆ ಇಸ್ತ್ರಿಯವರು ಅಂಗಿಗಳನ್ನು ವಾಪಸ್ ಕೊಟ್ಟರು, ದುಡ್ಡು ಹೋದರೂ ಸರಿ ಎಂದು. ಆ ಮನುಷ್ಯನ ಮೇಲೆ ನನಗೆ ಗೌರವ ಬಂತು.

ಇಷ್ಟೆಲ್ಲ ಮಾಡಿಯೂ ನೀರು ಅದೇ ಇದ್ದರೆ ಮುಂದಿನ ವಾರ ಮತ್ತೆ ಅದೇ ಚುಕ್ಕೆ. ಊರಿಗೆ ನೀರು ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಬರುತ್ತದೆ. ಆದರೆ ಬಹಳ ಓಣಿಗಳಿಗೆ ದಿನಾಲೂ ಬರುವುದಿಲ್ಲ. ನಡುವೆ ಖಾಲಿ ಬಿದ್ದ ಕಬ್ಬಿಣದ ಪೈಪಿಗೆ ಗಾಳಿ ಹೊಕ್ಕು ತುಕ್ಕು ಬೆಳೆಯುತ್ತದೆ, ನೀರು ಬಿಟ್ಟ ಹೊಡೆತಕ್ಕೆ ಅದು ಕಳಚಿ ಮೊದಲ ನೀರಲ್ಲೇ ಬರುತ್ತದೆ. ನೀರು ಬಂದಕೂಡಲೇ ಮಷೀನ್ ಹಚ್ಚುವುದು ಹೆಣ್ಣುಮಕ್ಕಳಿಗೆ ಅನಿವಾರ್ಯ, ಸ್ವಲ್ಪ ಹೊತ್ತಿನಲ್ಲೇ ನೀರು ಹೋಗುತ್ತದೆ. ಹಾಗಾಗಿ ಕೆಟ್ಟ ನೀರು ನೇರ ಬಟ್ಟೆಗೇ ಹೋಗುತ್ತದೆ. ಮೊದಲ ನಾಲ್ಕೈದು ಬಕೆಟ್ ಪಾಯಖಾನೆಗೆ ಎತ್ತಿಟ್ಟು, ನೀರು ತಿಳಿಯಾದ ಮೇಲೆ ಒಗೆಯಲು ಬಿಡಿ.

ತುಕ್ಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದು ಕಷ್ಟವಿಲ್ಲ. ಗಾಜಿನ ಬಾಟಲಿಗೆ ನೀರು ಹಿಡಿಯಿರಿ. ಹಿಡಿದಾಗಲೇ ಕೆಂಪಗಿದ್ದರೆ ಪೈಪು ಅಥವಾ ಟ್ಯಾಂಕು. ತಿಳಿಯಿದ್ದು ಕೆಲ ತಾಸಿನಲ್ಲಿ ಹಳದಿಯಾದರೆ ಬೋರ್ ನೀರಿನ ಕಬ್ಬಿಣ. ಆಗ ಸಾಮಾನ್ಯ ಜಾಲರಿ ಫಿಲ್ಟರ್ ಏನೂ ಮಾಡದು, ನೀರಿಗೆ ಗಾಳಿ ತಾಗಿಸಿ ತುಕ್ಕನ್ನು ತಳಕ್ಕೆ ಇಳಿಸಬೇಕು. ಬಿಸಿನೀರಲ್ಲಷ್ಟೇ ಬಂದರೆ ಗೀಸರ್. ಸಂಪಿನ ಪಂಪಿನ ಫುಟ್‌ವಾಲ್ವ್, ಅಂದರೆ ನೀರು ಎಳೆಯುವ ಪೈಪಿನ ತುದಿಯ ಕವಾಟ, ನೆಲಕ್ಕೆ ಹತ್ತಿದ್ದರೆ ತಳದ ಕೆಸರೇ ಮೇಲೇರುತ್ತದೆ, ಅರ್ಧ ಅಡಿ ಎತ್ತಿಸಿ. ಮಷೀನಿನ ಪೈಪು ಸೇರುವ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ, ಇಕ್ಕಳದಿಂದ ಎಳೆದು ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ.

ಪೈಪು ಬದಲಿಸುವ ತೀರ್ಮಾನ ನಮ್ಮ ಮನೆಗಳಲ್ಲಿ ಗಂಡಸಿನದು, ಆ ಪೈಪಿನ ಕಲೆಯ ಬೈಗುಳ ಹೆಂಗಸಿಗೆ. ಹತ್ತು ವರ್ಷ ಹೀಗೆ ಬೈಸಿಕೊಂಡವರು ತಮಗೇ ಒಗೆಯಲು ಬರುವುದಿಲ್ಲವೆಂದು ನಂಬಿಬಿಡುತ್ತಾರೆ. ಆಕೆ ಮೆಲ್ಲಗೆ ಮಾತಾಡಿದ್ದು ಅದಕ್ಕೇ ಇರಬೇಕು ಎಂದು ನನಗೆ ಅನ್ನಿಸುತ್ತಿದೆ. ಯಾವ ಅಂಗಿ ಯಾವ ನೀರಲ್ಲಿ ಕೆಟ್ಟಿತು ಎಂದು ಸರಿಯಾಗಿ ಗಮನಿಸಿದ್ದವಳು ಆಕೆಯೊಬ್ಬಳೇ.

ಪ್ಲಂಬರ್ ಕರೆಸಿ ಮೀಟರಿನ ಬಳಿಯ ಒಂದು ಎಲ್ಬೋ, ಅಂದರೆ ಪೈಪು ತಿರುಗುವ ಜೋಡು, ಬಿಚ್ಚಿಸಿ, ಒಳಗೆ ನೋಡಿ. ತುಕ್ಕಿನ ಗಂಟಿನಿಂದ ಪೆನ್ಸಿಲೂ ಹೋಗದಷ್ಟು ಬಾಯಿ ಮುಚ್ಚಿದ್ದರೆ ಅಲ್ಲಿಂದ ಟ್ಯಾಂಕಿನವರೆಗೆ ಪೂರ್ತಿ ಬದಲಿಸಿ. ನೆಲದಡಿ ಎಚ್‌ಡಿಪಿಇ, ಗೋಡೆಯೊಳಗೆ ಸಿಪಿವಿಸಿ, ಎರಡೂ ಪ್ಲಾಸ್ಟಿಕ್ ಪೈಪುಗಳೇ. ಜೋಡಣೆಯಲ್ಲಿ ಹಳೆಯ ಕಬ್ಬಿಣದ ನಿಪ್ಪಲ್, ಅಂದರೆ ಜೋಡಿಸುವ ಗಿಡ್ಡ ತುಂಡು, ಒಂದನ್ನೂ ಉಳಿಸಬೇಡಿ, ಹಿತ್ತಾಳೆಯದು ಹಾಕಿಸಿ. ಹೊಸ ಪೈಪಿನ ಮೊದಲ ನೀರನ್ನು ಸಂಪಿಗೆ ಬಿಡದೆ ಗಟಾರಕ್ಕೆ ಹರಿಸಿ, ಸಂಪಿನ ತಳ ತಿಕ್ಕಿ ತೊಳೆದ ಮೇಲೆ ತುಂಬಿಸಿ.