ಕಂಬ ಹಡಗಲ್ಲಿ ಬಂತಾ ಸಾರ್?

ಮೈಸೂರಿನ ಟೌನ್ ಹಾಲ್ ಮುಂದೆ ಬಸ್ ಇಳಿದಾಗ ಬೆಳಿಗ್ಗೆ ಎಂಟೂವರೆ. ಒಂಬತ್ತನೇ ಕ್ಲಾಸಿನ 32 ಮಕ್ಕಳು, ನಾವಿಬ್ಬರು ಮೇಷ್ಟ್ರು. ಹಿಂದಿನ ರಾತ್ರಿ ಕೂತು ನಾಲ್ಕು ಪುಟ ಟಿಪ್ಪಣಿ ಬರೆದುಕೊಂಡಿದ್ದೆ. ದಿವಾನ್ ರಂಗಾಚಾರ್ಲು ನೆನಪಿಗೆ 1884ರಲ್ಲಿ ಕಟ್ಟಿದ್ದು, ಅವರ ಕಾಲದಲ್ಲೇ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದು ಅಂತ ಓದುತ್ತಾ ಹೋದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಅರ್ಧ ಮಕ್ಕಳ ಕಣ್ಣು ಇಡ್ಲಿ ಗಾಡಿಯ ಮೇಲಿತ್ತು. ಅವರದ್ದೇನೂ ತಪ್ಪಿಲ್ಲ. ನನಗೇ ಆಕಳಿಕೆ ಬರುತ್ತಿತ್ತು.

ಟಿಪ್ಪಣಿ ಮಡಚಿ ಜೇಬಿಗಿಟ್ಟೆ.

ಪಕ್ಕದಲ್ಲೇ ದೊಡ್ಡ ಗಡಿಯಾರ. 75 ಅಡಿ ಎತ್ತರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ 25 ವರ್ಷವಾದಾಗ, 1927ರಲ್ಲಿ ಕಟ್ಟಿದ್ದು. ಅದನ್ನೇನೂ ಹೇಳದೆ, "ಈ ಗಡಿಯಾರದಲ್ಲಿ ನಿಮ್ಮ ಮನೆ ಗಡಿಯಾರದಲ್ಲಿ ಇಲ್ಲದ್ದು ಏನಿದೆ?" ಅಂತ ಕೇಳಿದೆ. ಎಲ್ಲರ ತಲೆಯೂ ಮೇಲೆ. "ಸಾರ್, ಕನ್ನಡ ಅಂಕಿ!" ಅಂತ ಹಿಂದಿನ ಬೆಂಚಿನ ಹುಡುಗನೊಬ್ಬ ಕೂಗಿದ. ಕ್ಲಾಸಿನಲ್ಲಿ ಅವನ ದನಿ ನಾನು ಕೇಳಿದ್ದೇ ಕಡಿಮೆ. ಆಮೇಲೆ ಇಸವಿ ಹೇಳಿದರೆ ಬರೆದುಕೊಂಡರು ನೋಡಿ!

ಅಲ್ಲಿಂದ ನಡೆದು ಕೆ.ಆರ್. ಸರ್ಕಲ್ ದಾಟಿ ಚಿಕ್ಕ ಗಡಿಯಾರ, ದೇವರಾಜ ಮಾರ್ಕೆಟ್. ಮಾರ್ಕೆಟ್ಟಿನಲ್ಲಿ ಕಟ್ಟಡ ನೋಡಿ ಅಂದರೆ ಯಾರು ನೋಡುತ್ತಾರೆ? ಕುಂಕುಮದ ಗುಡ್ಡೆ, ಮಲ್ಲಿಗೆ ಮೊಳ, ರಸಬಾಳೆ ಗೊನೆ. ಇಬ್ಬರು ಕಳೆದುಹೋಗಿ ಬಾಳೆಹಣ್ಣಿನ ಸಾಲಿನಲ್ಲಿ ಸಿಕ್ಕರು, ಬಾಯಿ ತುಂಬ ಹಣ್ಣು.

ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಹತ್ತಿರ ಮಾತು ತಾನಾಗಿ ತಗ್ಗಿತು. 1892ರ ಕಟ್ಟಡ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. "ಯಾಕೆ ಬಿತ್ತು ಸಾರ್?" ಈ ಕಟ್ಟಡದ ಕಥೆ ಬಿಟ್ಟು, ಹಳೆ ಗಾರೆ ಗೋಡೆಗಳ ಕಷ್ಟ ಏನು ಅಂತ ಹೇಳಿದೆ. ಮಳೆನೀರು ಒಳಗಿಳಿದರೆ ಸುಣ್ಣದ ಗಾರೆ ಸಡಿಲವಾಗುತ್ತದೆ. ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದರೆ ಬೇರು ಗೋಡೆಯನ್ನೇ ಸೀಳುತ್ತದೆ. ಅಲ್ಲಿಂದ ಮುಂದೆ ಮಧ್ಯಾಹ್ನದವರೆಗೂ ಅವರದ್ದು ಒಂದೇ ಕೆಲಸ. ಕಂಡ ಕಂಡ ಗೋಡೆಯಲ್ಲಿ ಅರಳಿ ಸಸಿ ಹುಡುಕುವುದು. ಹನ್ನೊಂದು ಸಿಕ್ಕಿತು ಅಂದರು. ಲೆಕ್ಕ ಜಾಸ್ತಿ ಮಾಡಿರಬೇಕು, ಇರಲಿ.

ಕೊನೆಗೆ ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ವೇಳೆ ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ ವಿನ್ಯಾಸ ಮಾಡಿದ ಈಗಿನದ್ದು ಮುಗಿದದ್ದು 1912ರಲ್ಲಿ. ಕಲ್ಯಾಣ ಮಂಟಪದಲ್ಲಿ ನಿಂತು, "ಮರದ ಮನೆ ಸುಟ್ಟುಹೋದವರು ಮತ್ತೆ ಕಟ್ಟುವಾಗ ಏನು ಮಾಡ್ತಾರೆ?" ಅಂತ ಕೇಳಿದೆ. ಒಬ್ಬಳು ಕಂಬವನ್ನೇ ದಿಟ್ಟಿಸಿ, "ಕಬ್ಬಿಣ" ಅಂದಳು. ಹೌದು, ಎರಕದ ಕಬ್ಬಿಣ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮಾಡಿಸಿ ತರಿಸಿದ್ದು. "ಕಂಬ ಹಡಗಲ್ಲಿ ಬಂತಾ ಸಾರ್?" ಮೇಲೆ ನವಿಲಿನ ಗಾಜಿನ ಚಾವಣಿ ಹೊಳೆಯುತ್ತಿತ್ತು. ಇವರು ಮಾತ್ರ ಇಷ್ಟುದ್ದದ ಕಂಬವನ್ನು ಹಡಗಿಗೆ ಹೇಗೆ ಹತ್ತಿಸಿದರು ಅಂತ ಜಗಳಕ್ಕೆ ನಿಂತಿದ್ದರು. ಸುಮ್ನೆ ಕೇಳುತ್ತಾ ನಿಂತೆ.

ಸೋಮವಾರ ಅದೇ ಹಿಂದಿನ ಬೆಂಚಿನವನು ಚೀಲದಿಂದ ಒಡೆದ ಹೆಂಚೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅವರ ಮನೆ ಕೊಟ್ಟಿಗೆಯದ್ದಂತೆ. ಹಿಂದೆ ಅಚ್ಚೊತ್ತಿದ ಅಕ್ಷರ ಅರ್ಧ ಸವೆದಿತ್ತು. ಕಷ್ಟಪಟ್ಟು ಓದಿದರೆ, ಮಂಗಳೂರು.

"ಇದು ಹೆಂಗೆ ಬಂತು ಸಾರ್, ಘಾಟಿ ಹತ್ತಿ?"