ಓಣಿಗೆಲ್ಲ ಒಂದೇ ಸೀಸೆ

ಬೆಳಗ್ಗೆ ಐದೂವರೆಗೆ ಕೋಳಿಗೂಡಿನ ಕದ ತೆಗೆಯುತ್ತೇನೆ. ಮೊದಲು ಹುಂಜ ಹೊರಗೆ ಬರುತ್ತದೆ. ಅದರ ಹಿಂದೆ ಹ್ಯಾಟೆಗಳು. ಮರಿಗಳ ತಾಯಿ ಮಾತ್ರ ಬೇರೆ ಪುಟ್ಟಿಯ ಕೆಳಗೆ ಇರುತ್ತದೆ, ಅದನ್ನು ಬಿಸಿಲು ಬಿದ್ದ ಮೇಲೆಯೇ ಬಿಡುವುದು. ಹತ್ತು ನಿಮಿಷ ಎಲ್ಲವೂ ನಮ್ಮ ಅಂಗಳದಲ್ಲಿ ನುಚ್ಚು ಹೆಕ್ಕುತ್ತವೆ. ಆಮೇಲೆ ಓಣಿ ಅವುಗಳದ್ದೇ. ಎದುರುಮನೆಯ ತಿಪ್ಪೆ, ಮೂಲೆಮನೆಯ ಬಚ್ಚಲ ನೀರು ಹರಿಯುವ ಜಾಗ, ಗುಡಿ ಹಿಂದಿನ ಜಾಲಿ ಕಂಟಿ. ಹೊತ್ತು ಮುಳುಗುವ ಹೊತ್ತಿಗೆ ತಾವಾಗಿಯೇ ವಾಪಸ್ ಬರುತ್ತವೆ.

ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ನುಚ್ಚಿಗೆ, ತೌಡಿಗೆ ಕೊರತೆಯಿಲ್ಲ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಷಿನ್ ಕಿಟಕಿ ಪಕ್ಕದಲ್ಲಿದೆ, ಕೋಳಿಗಳ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಹದ್ದು ಸುತ್ತು ಹಾಕಿದರೆ ಹುಂಜ ಕೂಗುವ ಕೂಗೇ ಬೇರೆ. ಆ ಕೂಗು ಕೇಳಿದರೆ ಕತ್ತರಿ ಅಲ್ಲೇ ಬಿಟ್ಟು ಓಡುತ್ತೇನೆ.

ನಮ್ಮಲ್ಲಿರುವುದು ಹೆಚ್ಚಾಗಿ ಜವಾರಿ. ನಾಲ್ಕು ಗಿರಿರಾಜ ಕೂಡ ಇವೆ. ಗಿರಿರಾಜ ಬೆಂಗಳೂರಿನ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿದ ತಳಿ. ಜವಾರಿಗಿಂತ ಎಷ್ಟೋ ಜಾಸ್ತಿ ತತ್ತಿ ಇಡುತ್ತದೆ, ಆದರೆ ಕಾವಿಗೆ ಕೂರುವುದಿಲ್ಲ. ಜವಾರಿ ಹ್ಯಾಟೆ ಹನ್ನೆರಡೋ ಹದಿನೈದೋ ತತ್ತಿ ಇಟ್ಟು ಕಾವಿಗೆ ಕೂತುಬಿಡುತ್ತದೆ. ಅದಕ್ಕೇ ಗಿರಿರಾಜದ ತತ್ತಿಯನ್ನು ಜವಾರಿಯ ಕೆಳಗೆ ಇಡುತ್ತೇವೆ. ಕಾವಿಗೆ ಬಂದ ಹ್ಯಾಟೆ ಇಲ್ಲದವರು ನಮ್ಮ ಹ್ಯಾಟೆಗೆ ಅವರ ತತ್ತಿ ಕೊಡುತ್ತಾರೆ, 21 ದಿನಕ್ಕೆ ಮರಿಯಾದರೆ ಅರ್ಧ ಅವರಿಗೆ, ಅರ್ಧ ನಮಗೆ. ಹಾಗಾಗಿ ಯಾವ ಕೋಳಿ ಯಾರ ಮನೆಯದು ಅಂತ ಕೇಳಿದರೆ ನಮ್ಮ ಓಣಿಯಲ್ಲಿ ಸ್ವಲ್ಪ ಯೋಚಿಸಿಯೇ ಹೇಳಬೇಕು.

ಎರಡು ವರ್ಷದ ಹಿಂದೆ ಊರ ಜಾತ್ರೆಗೆ ಅಂತ ಸಂತೆಯಿಂದ ಒಂದು ಹುಂಜ ತಂದೆವು. ಜಾತ್ರೆಗೆ ಇನ್ನೂ ಆರು ದಿನ ಇತ್ತು. ಸುಮ್ನೆ ಎಲ್ಲದರ ಜೊತೆ ಬಿಟ್ಟೆವು. ನಾಲ್ಕನೇ ದಿನ ಅದು ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತಿತು. ಹಿಕ್ಕೆ ಹಸಿರಾಗಿತ್ತು. ಮಾರನೇ ದಿನ ಸತ್ತೇಹೋಯಿತು. ಅದನ್ನು ತಿಪ್ಪೆಯಾಚೆ ಎಸೆದೆವು, ನಾಯಿ ಎಳೆದುಕೊಂಡು ಹೋಯಿತು. ಆ ವಾರವೇ ನಮ್ಮ ಕೋಳಿಗಳು ಬೀಳತೊಡಗಿದವು. ಬಾಯಿ ತೆರೆದು ಉಸಿರು ಎಳೆಯುವುದು, ರೆಕ್ಕೆ ಜೋಲುವುದು. ಕರಿ ಹ್ಯಾಟೆಯ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡಿತ್ತು. ಮುಂದಿಟ್ಟ ನುಚ್ಚಿಗೆ ಕೊಕ್ಕು ಹಾಕಲು ಹೋಗುತ್ತಿತ್ತು, ಕೊಕ್ಕು ಪಕ್ಕದ ನೆಲಕ್ಕೆ ಬೀಳುತ್ತಿತ್ತು. ಮತ್ತೆ ಮತ್ತೆ ಹಾಗೇ. ನಾನು ಅಂಗೈಯಲ್ಲಿ ನುಚ್ಚು ಹಿಡಿದುಕೊಂಡು ಕೂತೆ. ಆಗಲಿಲ್ಲ.

ಕೊಕ್ಕರೆ ರೋಗ. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಲ್ಲೂ ಕರೆಯುತ್ತಾರೆ. ವೈರಸ್ಸಿನಿಂದ ಬರುವುದು, ಬಂದ ಮೇಲೆ ಔಷಧಿ ಇಲ್ಲ. ಎಂಟು ದಿನದಲ್ಲಿ ನಮ್ಮ 19 ಕೋಳಿಯಲ್ಲಿ ಉಳಿದದ್ದು 4. ಓಣಿಯ ಉಳಿದ ಮನೆಗಳಿಗೂ ಹೋಯಿತು. ಆ ಹುಂಜವನ್ನು ತಂದವರು ನಾವು, ಸತ್ತದ್ದನ್ನು ಎಸೆದವರೂ ನಾವು. ಮೂಲೆಮನೆ ಅಜ್ಜಿ ಒಂದು ಮಾತೂ ಅನ್ನಲಿಲ್ಲ. ಅವರ ಹತ್ತಿರ ಇದ್ದದ್ದೇ ಐದು ಕೋಳಿ, ತತ್ತಿ ಮಾರಿ ಬಂದ ದುಡ್ಡಲ್ಲಿ ಎಲೆ ಅಡಿಕೆ ಕೊಳ್ಳುತ್ತಿದ್ದರು. ಅವರ ಮನೆ ಮುಂದೆ ಹಾಯುವಾಗ ತಲೆ ಎತ್ತಲು ನನಗೆ ಆಗುತ್ತಿರಲಿಲ್ಲ.

ಉಳಿದ ನಾಲ್ಕರಿಂದ ಮತ್ತೆ ಮರಿ ಮಾಡಿಸಿದೆವು. ಹನ್ನೊಂದು ಮರಿ ಆದಾಗ ಪಶು ಆಸ್ಪತ್ರೆಗೆ ಹೋದೆ. ಮರಿಗೆ ಏಳು ದಿನ ಆಗುವುದರೊಳಗೆ ಕಣ್ಣಿಗೆ ಲಾಸೋಟಾ ಅನ್ನುವ ಲಸಿಕೆಯ ಹನಿ, ನಾಲ್ಕು ವಾರಕ್ಕೆ ಮತ್ತೊಮ್ಮೆ, ಎಂಟು ವಾರ ದಾಟಿದ ಮೇಲೆ ಅದೇ ರೋಗಕ್ಕೆ ಆರ್‌ಟುಬಿ ಲಸಿಕೆಯ ಸೂಜಿ ಅಂದರು. ಲಾಸೋಟಾ ಸೀಸೆ 100 ಡೋಸಿನದು. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ನನ್ನ ಹತ್ತಿರ ಇದ್ದದ್ದು ಎಲ್ಲ ಸೇರಿ 15. ಮಿಕ್ಕ 85 ಹನಿ ಚೆಲ್ಲುವುದಾ?

ಅತ್ತೆ ಹೇಳಿದರು, “ನಮ್ಮವಕ್ಕಷ್ಟ ಹಾಕಿ ಏನ್ ಮಾಡ್ತಿ ಯವ್ವಾ? ಅವು ಮೇಯಾದು ಅವರ ತಿಪ್ಪಿ ಮ್ಯಾಲೆ. ಓಣಿ ತುಂಬ ಹಾಕ್ಬೇಕು.”

ಮನೆ ಮನೆಗೆ ಹೋದೆ. ಸುಲಭ ಇರಲಿಲ್ಲ. ಎದುರುಮನೆ ಚಿಗವ್ವ ನೇರವಾಗಿ ಕೇಳಿದರು, “ಔಷಧಿ ಹಾಕಿದ್ರ ತತ್ತಿ ನಿಲ್ಲತಾವಂತಲ್ಲ?” ಇನ್ನೊಬ್ಬರು ಲಸಿಕೆ ಹಾಕಿದ ಮಾರನೇ ದಿನ ಕೋಳಿ ಸತ್ತದ್ದನ್ನು ನೋಡಿದ್ದರು. ಆಗಲೇ ರೋಗ ಒಳಗೆ ಹೊಕ್ಕ ಕೋಳಿಗೆ ಹಾಕಿದರೆ ಹಾಗಾಗುತ್ತದೆ, ಗಟ್ಟಿ ಇರುವ ಕೋಳಿಗೆ ಮಾತ್ರ ಹಾಕೋಣ ಅಂತ ಕೂತು ಹೇಳಿದೆ. ಮೂಲೆಮನೆ ಅಜ್ಜಿ ಮೊದಲು ಒಪ್ಪಿದರು. ಅವರು ಒಪ್ಪಿದ ಮೇಲೆ ಉಳಿದವರೂ ಬಂದರು. ಆರು ಮನೆ, 83 ಕೋಳಿ.

ಲಸಿಕೆ ಹಾಕುವುದು ನಸುಕಿನಲ್ಲಿ, ಗೂಡಿನ ಕದ ತೆಗೆಯುವ ಮುಂಚೆ. ಒಮ್ಮೆ ಬಿಟ್ಟರೆ ಯಾರ ಕೈಗೆ ಸಿಗುತ್ತವೆ? ಥರ್ಮಾಸಿನಲ್ಲಿ ಐಸ್, ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸೀಸೆ. ಮರಿಯನ್ನು ಎಡ ಅಂಗೈಯಲ್ಲಿ ಮಲಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ತಲೆ ಹಿಡಿಯಬೇಕು. ಒತ್ತಬಾರದು. ತಲೆ ಪಕ್ಕಕ್ಕೆ ವಾಲಿಸಿ ಮೇಲಿನಿಂದ ಒಂದು ಹನಿ, ಸೀಸೆಯ ತುದಿ ಕಣ್ಣಿಗೆ ತಾಗಬಾರದು. ಹನಿ ಕಣ್ಣಿನ ಮೇಲೆ ಗುಂಡಗೆ ನಿಲ್ಲುತ್ತದೆ. ಮರಿ ಒಂದು ಸಲ ರೆಪ್ಪೆ ಬಡಿಯುತ್ತದೆ, ಹನಿ ಒಳಗೆ ಹೋಗುತ್ತದೆ. ಆಮೇಲೆಯೇ ಬಿಡಬೇಕು. ಅವಸರ ಮಾಡಿದರೆ ತಲೆ ಕೊಡವಿ ಹನಿ ಚೆಲ್ಲಿಬಿಡುತ್ತದೆ. ಅಂಗೈಯಲ್ಲಿ ಅದರ ಎದೆ ಡವಡವ ಅನ್ನುವುದು ಗೊತ್ತಾಗುತ್ತದೆ.

ಯಾವುದಕ್ಕೆ ಆಯಿತು, ಯಾವುದಕ್ಕೆ ಇಲ್ಲ ಅಂತ ಗೊತ್ತಾಗಲು ಕಾಲಿಗೆ ಉಲ್ಲನ್ ದಾರ ಕಟ್ಟುತ್ತೇವೆ. ಮನೆಗೊಂದು ಬಣ್ಣ. ನಮ್ಮದು ಕೆಂಪು, ಅಜ್ಜಿಯದು ಹಳದಿ. ಏಳನೇ ಕ್ಲಾಸಿನ ನನ್ನ ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಒಮ್ಮೆ ಒಂದು ಮರಿ ಕುಂಟುತ್ತಿತ್ತು. ಹಿಡಿದು ನೋಡಿದರೆ ಕಾಲು ಬೆಳೆದು ದಾರ ಚರ್ಮದೊಳಗೆ ಇಳಿದಿತ್ತು. ಸಣ್ಣ ಕತ್ತರಿಯಿಂದ ದಾರ ಕೊಯ್ದು ಅರಿಶಿನ ಹಚ್ಚಿದೆ. ಆವತ್ತಿನಿಂದ ಒಂದು ಕಡ್ಡಿ ತೂರುವಷ್ಟು ಸಡಿಲ ಬಿಟ್ಟು ಕಟ್ಟುತ್ತೇವೆ, ಎರಡು ವಾರಕ್ಕೊಮ್ಮೆ ಬದಲಾಯಿಸುತ್ತೇವೆ. ಯಾರಾದರೂ ದಾರ ಕಟ್ಟುವವರಿದ್ದರೆ ಇದನ್ನು ಮರೆಯಬೇಡಿ.

ಸಂತೆಯಿಂದ ಕೋಳಿ ತಂದವರು ಈಗ ಹದಿನೈದು ದಿನ ಬೇರೆ ಪುಟ್ಟಿಯಲ್ಲಿಟ್ಟು ಆಮೇಲೆ ಬಿಡುತ್ತಾರೆ. ಸತ್ತದ್ದನ್ನು ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುತ್ತಾರೆ. ನಮ್ಮ ಓಣಿಯಲ್ಲಿ ಆಮೇಲೆ ಆ ರೋಗ ಕಾಣಿಸಿಲ್ಲ.

ಈಗ ಬೇಸಿಗೆ. ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ವಾ, 42 ಡಿಗ್ರಿ ದಾಟುವ ದಿನಗಳಿವೆ. ಕೋಳಿಗೆ ಬೆವರುವುದಕ್ಕೆ ಆಗುವುದಿಲ್ಲ, ಹೆಚ್ಚಾಗಿ ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಸ್ಟೀಲ್ ಪಾತ್ರೆಯ ನೀರು ಹತ್ತು ಗಂಟೆಗೇ ಕಾದುಬಿಡುತ್ತದೆ. ಒಡೆದ ಗಡಿಗೆಗಳ ತಳವನ್ನು ಬೇವಿನ ಗಿಡದ ಬುಡದಲ್ಲಿ ಅರ್ಧ ಹೂತು ನೀರು ಹಾಕಿಡುತ್ತೇನೆ, ಗೂಡಿನ ಮೇಲೆ ಒದ್ದೆ ಗೋಣಿಚೀಲ. ಮಧ್ಯಾಹ್ನ ಓಣಿಯ ಕೋಳಿಯೆಲ್ಲ ಆ ಗಿಡದ ಕೆಳಗೇ ಇರುತ್ತವೆ. ಕೆಂಪು, ಹಳದಿ, ಹಸಿರು ದಾರದ ಕಾಲುಗಳು ಮಣ್ಣು ಕೆದರಿ ತಂಪು ಜಾಗ ಮಾಡಿಕೊಂಡು ಮಲಗಿರುತ್ತವೆ.

ಅಜ್ಜಿಯ ಹ್ಯಾಟೆಗೆ ಹೋದ ಸೋಮವಾರ ಒಂಬತ್ತು ಮರಿಯಾಗಿವೆ. ನಾಳೆ ಭಾನುವಾರ, ಲಸಿಕೆ ದಿನ. ಎರಡು ಡಬ್ಬಿ ನೀರು ಫ್ರಿಜ್ಜಿನಲ್ಲಿ ಐಸಿಗೆ ಇಟ್ಟಿದ್ದೇನೆ. ಮಗಳು ಹಳದಿ ದಾರ ಕತ್ತರಿಸುತ್ತಾ ಕೂತಿದ್ದಾಳೆ.